ಎಷ್ಟು ದಿನ ಬೇಕು? ಅಂದಾಜು ಹೇಳುವುದೂ ಒಂದು ವಿದ್ಯೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಎರಡರಲ್ಲೂ ಮೊದಲು ಹಾಕಿದ ಲೆಕ್ಕ ಕೊನೆಯವರೆಗೆ ಉಳಿಯುವುದಿಲ್ಲ. ಹಣದ ಲೆಕ್ಕ ತಪ್ಪಿದ್ದು ಎಲ್ಲರಿಗೂ ಕಾಣುತ್ತದೆ. ದಿನದ ಲೆಕ್ಕ ತಪ್ಪಿದ್ದನ್ನು ಮಾತ್ರ ಯಾರೂ ಬರೆದಿಡುವುದಿಲ್ಲ. ಯುಗಾದಿಗೆ ಗೃಹಪ್ರವೇಶ ಎಂದು ಪಾಯ ತೆಗೆದ ಮನೆ ದೀಪಾವಳಿಗೆ ತಾರಸಿ ಕಂಡರೆ, ‘ಎಲ್ಲರ ಮನೆಯಲ್ಲೂ ಹೀಗೇ’ ಎಂದು ಸುಮ್ಮನಾಗುವುದು ವಾಡಿಕೆ.

ಕಂಪ್ಯೂಟರ್ ಜಗತ್ತಿನಲ್ಲಿ ಹಾಗೆ ಸುಮ್ಮನಾಗಲು ಬರುವುದಿಲ್ಲ. ಅಲ್ಲಿ ‘ಎಷ್ಟು ದಿನ ಬೇಕು, ಎಷ್ಟು ಜನ ಬೇಕು?’ ಎಂಬ ಪ್ರಶ್ನೆಗೆ ಕೆಲಸ ಶುರುವಾಗುವ ಮೊದಲೇ ಉತ್ತರ ಕೊಡಬೇಕು. ಒಪ್ಪಂದ, ಖರ್ಚು, ಗ್ರಾಹಕನಿಗೆ ಕೊಟ್ಟ ಮಾತು ಎಲ್ಲವೂ ಆ ಉತ್ತರದ ಮೇಲೆ ನಿಂತಿರುತ್ತವೆ. ಅದರಲ್ಲೂ ತಂತ್ರಾಂಶವನ್ನು ಪರೀಕ್ಷಿಸುವವರಿಗೆ, ಅಂದರೆ ‘ಸಾಫ್ಟ್‌ವೇರ್ ಟೆಸ್ಟಿಂಗ್’ ಮಾಡುವವರಿಗೆ, ಈ ಪ್ರಶ್ನೆ ಬಹಳ ತೊಡಕಿನದು. ಪ್ರೋಗ್ರಾಂ ಬರೆಯುವವರಿಗೆ ತಾವು ಏನು ಬರೆಯಬೇಕೆಂಬುದಾದರೂ ಗೊತ್ತು. ಪರೀಕ್ಷಕರು ಹುಡುಕುವುದು ತಪ್ಪುಗಳನ್ನು. ತಪ್ಪು ಎಷ್ಟಿವೆ, ಎಲ್ಲಿವೆ ಎಂಬುದು ಮೊದಲೇ ಗೊತ್ತಿದ್ದರೆ ಪರೀಕ್ಷೆಯೇ ಬೇಕಿರಲಿಲ್ಲ! ಕಾಣದ ವಸ್ತುವನ್ನು ಹುಡುಕಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಹೇಳುವುದು ಹೇಗೆ?

ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಕಡೆಯಿಂದ ಬಿ.ಎಸ್ಸಿ., ಬಿ.ಸಿ.ಎ., ಎಂಜಿನಿಯರಿಂಗ್ ಓದಿ ಮೈಸೂರು, ಬೆಂಗಳೂರಿಗೆ ಹೋಗುವ ಮಕ್ಕಳಲ್ಲಿ ಹಲವರು ಮೊದಲು ಕಾಲಿಡುವುದು ಈ ಪರೀಕ್ಷಾ ವಿಭಾಗಕ್ಕೆ. ಪ್ರೋಗ್ರಾಮಿನ ಭಾಷೆಯನ್ನು ಅವರು ಹೇಗೋ ಕಲಿತುಕೊಳ್ಳುತ್ತಾರೆ. ‘ಇದಕ್ಕೆ ಎಷ್ಟು ದಿನ?’ ಎಂದು ಮೇಲಿನವರು ಕೇಳಿದಾಗ ಮಾತ್ರ ಬಾಯಿಗೆ ಬಂದ ಸಂಖ್ಯೆ ಹೇಳಿ ಸಿಕ್ಕಿಬೀಳುತ್ತಾರೆ. ಈ ವಿದ್ಯೆಯನ್ನು ಶಾಲೆಯ ದಿನಗಳಲ್ಲೇ ಕಲಿಯಲು ಸಾಧ್ಯ. ಅದಕ್ಕೆ ಕಂಪ್ಯೂಟರೂ ಬೇಕಿಲ್ಲ.

ಆಳು ಲೆಕ್ಕ, ದಿನದ ಲೆಕ್ಕ

ರಾವಂದೂರು ಹೋಬಳಿಯ ರೈತನಿಗೆ ಈ ಲೆಕ್ಕದ ಅರ್ಧ ಭಾಗ ಆಗಲೇ ಗೊತ್ತು. ‘ಇದು ಹತ್ತಾಳಿನ ಕೆಲಸ’ ಎಂದು ಆತ ಹೇಳಿದರೆ, ಒಬ್ಬ ಆಳು ಹತ್ತು ದಿನ ಅಥವಾ ಹತ್ತು ಆಳು ಒಂದು ದಿನ ಮಾಡುವಷ್ಟು ಕೆಲಸ ಎಂದರ್ಥ. ಸಾಫ್ಟ್‌ವೇರ್ ಕಂಪನಿಗಳು ಶ್ರಮವನ್ನು ಅಳೆಯುವುದೂ ಇದೇ ಮಾನದಿಂದ. ಅಲ್ಲಿ ಅದನ್ನು ‘ಮ್ಯಾನ್-ಡೇ’ ಎಂದೋ ‘ಪರ್ಸನ್-ಡೇ’ ಎಂದೋ ಕರೆಯುತ್ತಾರೆ, ಅಷ್ಟೇ.

ಆದರೆ ಎಲ್ಲ ಕೆಲಸವೂ ಆಳು ಹೆಚ್ಚಿಸಿದರೆ ಬೇಗ ಮುಗಿಯುವುದಿಲ್ಲ ಎಂಬುದೂ ಅದೇ ರೈತನಿಗೆ ಗೊತ್ತು. ಹೊಗೆಸೊಪ್ಪು ಕೀಳಲು, ಕಡ್ಡಿಗೆ ಕಟ್ಟಲು ಆಳು ಹೆಚ್ಚಿದಷ್ಟೂ ಒಳ್ಳೆಯದು. ಸೊಪ್ಪು ಬ್ಯಾರನ್ ಸೇರಿದ ಮೇಲೆ ಆಟ ಬೇರೆ. ಎಲೆ ಹಳದಿ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ ನಡುದಂಟು ಒಣಗಬೇಕು. ಅದಕ್ಕೆ ಐದಾರು ದಿನ, ಕೆಲವೊಮ್ಮೆ ಒಂದು ವಾರ ಬೇಕೇ ಬೇಕು. ಬ್ಯಾರನ್ ಮುಂದೆ ಇಪ್ಪತ್ತು ಜನ ಕುಳಿತರೂ ಎಲೆ ಎರಡು ದಿನಕ್ಕೆ ಹದವಾಗುವುದಿಲ್ಲ. ಅವಸರಕ್ಕೆ ಬೆಂಕಿ ಜಾಸ್ತಿ ಮಾಡಿದರೆ ಸೊಪ್ಪಿನ ಬಣ್ಣ ಕೆಟ್ಟು ಹರಾಜಿನಲ್ಲಿ ಬೆಲೆ ಬೀಳುತ್ತದೆ.

ಅಮೆರಿಕದ ಫ್ರೆಡರಿಕ್ ಬ್ರೂಕ್ಸ್ ಎಂಬ ಗಣಕ ವಿಜ್ಞಾನಿ ಐಬಿಎಂ ಕಂಪನಿಯ ದೊಡ್ಡದೊಂದು ತಂತ್ರಾಂಶ ಯೋಜನೆಯನ್ನು ನಡೆಸಿದವರು. ಆ ಅನುಭವದ ಮೇಲೆ 1975ರಲ್ಲಿ ಅವರು ಬರೆದ ‘ದಿ ಮಿಥಿಕಲ್ ಮ್ಯಾನ್-ಮಂತ್’ ಪುಸ್ತಕ ಇಂದಿಗೂ ಓದಿನಲ್ಲಿದೆ. ತಡವಾಗಿರುವ ತಂತ್ರಾಂಶದ ಕೆಲಸಕ್ಕೆ ಹೊಸ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಅವರ ಪ್ರಸಿದ್ಧ ನಿಯಮ. ಹೊಸಬರಿಗೆ ಕೆಲಸ ಹೇಳಿಕೊಡಲು ಹಳಬರ ಸಮಯವೇ ಖರ್ಚಾಗುತ್ತದೆ ಎಂಬುದು ಅದಕ್ಕೆ ಒಂದು ಕಾರಣ. ಅದೇ ಪುಸ್ತಕದಲ್ಲಿ ಅವರು ಕಾಲದ ಹಂಚಿಕೆಯನ್ನೂ ಕೊಟ್ಟಿದ್ದಾರೆ: ಒಟ್ಟು ಅವಧಿಯ ಮೂರನೇ ಒಂದು ಪಾಲು ಯೋಜನೆಗೆ, ಆರನೇ ಒಂದು ಪಾಲು ಪ್ರೋಗ್ರಾಂ ಬರೆಯುವುದಕ್ಕೆ, ಉಳಿದ ಅರ್ಧ ಭಾಗ ಪರೀಕ್ಷೆಗೆ! ಬರೆಯುವುದಕ್ಕಿಂತ ಮೂರು ಪಟ್ಟು ಕಾಲ ಪರೀಕ್ಷೆಗೆ ಬೇಕು ಎಂದರೆ ಹೊರಗಿನವರಿಗೆ ಆಶ್ಚರ್ಯವಾಗಬಹುದು. ಒಂದು ಸಣ್ಣ ಉದಾಹರಣೆ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಅಂಕಪಟ್ಟಿಯ ಉದಾಹರಣೆ

ಒಂದು ಪ್ರೌಢಶಾಲೆಗೆ ಅಂಕಪಟ್ಟಿ ತಯಾರಿಸುವ ತಂತ್ರಾಂಶ ಬಂದಿದೆ ಎಂದಿಟ್ಟುಕೊಳ್ಳೋಣ. ಒಂದು ವಿಷಯಕ್ಕೆ 100 ಅಂಕ, ಪಾಸಾಗಲು 35. ಇದನ್ನು ಪರೀಕ್ಷಿಸುವುದು ಹೇಗೆ? 0ಯಿಂದ 100ರವರೆಗೆ ಎಲ್ಲವನ್ನೂ ಹಾಕಿ ನೋಡಬೇಕಿಲ್ಲ. ತಪ್ಪುಗಳು ಸಾಮಾನ್ಯವಾಗಿ ಗಡಿಯಲ್ಲಿ ಅಡಗಿರುತ್ತವೆ. 34 ಹಾಕಿದರೆ ಫೇಲ್ ಎನ್ನಬೇಕು, 35ಕ್ಕೆ ಪಾಸ್ ಎನ್ನಬೇಕು. 100ನ್ನು ಒಪ್ಪಬೇಕು, 101ನ್ನು ಒಪ್ಪಬಾರದು. ಗೈರುಹಾಜರಾದ ವಿದ್ಯಾರ್ಥಿಗೆ ಸೊನ್ನೆ ಎಂದು ಬರೆಯಬಾರದು. ಹೀಗೆ ಏನು ಕೊಟ್ಟರೆ ಏನು ಬರಬೇಕು ಎಂದು ಮೊದಲೇ ಬರೆದಿಟ್ಟ ಒಂದೊಂದು ತಪಾಸಣೆಗೂ ‘ಟೆಸ್ಟ್ ಕೇಸ್’ ಎಂದು ಹೆಸರು.

ಎಲ್ಲ ಸಾಧ್ಯತೆಗಳನ್ನೂ ಪರೀಕ್ಷಿಸಿಯೇ ಬಿಡೋಣ ಎನ್ನುವ ಹಟ ಏಕೆ ಸಲ್ಲದು ಎಂಬುದಕ್ಕೂ ಒಂದು ಲೆಕ್ಕವಿದೆ. 32 ಬಿಟ್‌ಗಳ ಎರಡು ಸಂಖ್ಯೆಗಳನ್ನು ಕೂಡುವ ಪುಟ್ಟ ಪ್ರೋಗ್ರಾಂ ತೆಗೆದುಕೊಂಡರೆ, ಸಾಧ್ಯವಿರುವ ಜೋಡಿಗಳು 2ರ ಘಾತ 64. ಸೆಕೆಂಡಿಗೆ 100 ಕೋಟಿ ಜೋಡಿ ಪರೀಕ್ಷಿಸಿದರೂ ಮುಗಿಯಲು ಸುಮಾರು 585 ವರ್ಷ ಬೇಕು! ಆದ್ದರಿಂದ ಪರೀಕ್ಷೆ ಎಂದರೆ ಆಯ್ಕೆ. ಎಷ್ಟು ಆಯ್ದುಕೊಳ್ಳುತ್ತೇವೆ ಎಂಬುದೇ ಅಂದಾಜಿನ ಮೊದಲ ಮೆಟ್ಟಿಲು.

ಈಗ ಅಂಕಪಟ್ಟಿಯ ತಂತ್ರಾಂಶದಲ್ಲಿ ಐದು ಭಾಗಗಳಿವೆ: ಹೆಸರು ನೋಂದಣಿ, ಅಂಕ ತುಂಬುವುದು, ಒಟ್ಟು ಮತ್ತು ಶೇಕಡಾ ಲೆಕ್ಕ, ಫಲಿತಾಂಶ, ಮುದ್ರಣ. ಒಂದೊಂದಕ್ಕೆ 24ರಂತೆ 120 ಟೆಸ್ಟ್ ಕೇಸ್. ಒಂದನ್ನು ಬರೆಯಲು 10 ನಿಮಿಷ ಎಂದರೆ ಒಟ್ಟು 20 ಗಂಟೆ. ಒಂದನ್ನು ನಡೆಸಿ ನೋಡಲು 6 ನಿಮಿಷ ಎಂದರೆ 12 ಗಂಟೆ. ಎರಡೂ ಸೇರಿ 32 ಗಂಟೆ. ಊಟ, ಮಾತುಕತೆ ಕಳೆದು ದಿನಕ್ಕೆ 6 ಗಂಟೆ ಕೆಲಸ ಸಾಗುತ್ತದೆ ಎಂದರೆ ಐದೂವರೆ ದಿನಕ್ಕೂ ಕಡಿಮೆ. ಹೊಸಬರು ಹೇಳುವ ಉತ್ತರ ಇದು.

ಈ ಉತ್ತರದಲ್ಲಿ ಒಂದು ದೊಡ್ಡ ಊಹೆ ಅಡಗಿದೆ. ಒಂದು ತಪ್ಪೂ ಸಿಗುವುದಿಲ್ಲ ಎಂಬ ಊಹೆ! ತಪ್ಪು ಹುಡುಕಲು ಹೊರಟವರು ತಪ್ಪು ಸಿಗುವುದೇ ಇಲ್ಲ ಎಂದುಕೊಂಡು ದಿನ ಲೆಕ್ಕ ಹಾಕುವುದು ವಿಚಿತ್ರವಲ್ಲವೇ?

120ರಲ್ಲಿ 30 ಕಡೆ ತಪ್ಪು ಸಿಕ್ಕಿತು ಎನ್ನೋಣ. ಒಂದೊಂದನ್ನೂ ಯಾವಾಗ, ಹೇಗೆ ಬಂತೆಂದು ವಿವರವಾಗಿ ಬರೆಯಲು 20 ನಿಮಿಷದಂತೆ 10 ಗಂಟೆ. ಪ್ರೋಗ್ರಾಂ ಬರೆದವರು ತಿದ್ದಿ ಕೊಟ್ಟ ಮೇಲೆ, ತಿದ್ದುವಾಗ ಬೇರೆಲ್ಲಾದರೂ ಕೆಟ್ಟಿದೆಯೇ ಎಂದು 120ನ್ನೂ ಮತ್ತೆ ನಡೆಸಬೇಕು. ಅದಕ್ಕೆ 12 ಗಂಟೆ. ಆಗ ಇನ್ನೂ 6 ತಪ್ಪು ಸಿಕ್ಕಿದರೆ ಅವನ್ನು ಬರೆಯಲು 2 ಗಂಟೆ. ಕೊನೆಯ ಸುತ್ತಿಗೆ ಮತ್ತೆ 12 ಗಂಟೆ. ಶಾಲೆಯ ನಿಯಮ ಓದಿ ತಿಳಿದುಕೊಳ್ಳಲು, ನೂರಾರು ಹೆಸರು, ಅಂಕಗಳ ಮಾದರಿ ಪಟ್ಟಿ ಸಿದ್ಧಮಾಡಲು, ಕಂಪ್ಯೂಟರ್ ಅಣಿಗೊಳಿಸಲು 16 ಗಂಟೆ. ಎಲ್ಲ ಕೂಡಿದರೆ 84 ಗಂಟೆ, ಅಂದರೆ 14 ಆಳಿನ ಕೆಲಸ. ಐದೂವರೆ ಎಲ್ಲಿ, ಹದಿನಾಲ್ಕು ಎಲ್ಲಿ!

ಇಲ್ಲಿಗೂ ಮುಗಿಯಲಿಲ್ಲ. ಮೊದಲ ಸುತ್ತಿನ ತಪ್ಪು ತಿದ್ದಲು 3 ದಿನ, ಎರಡನೆಯದಕ್ಕೆ 1 ದಿನ ಹಿಡಿದರೆ ಅಷ್ಟು ದಿನ ಪರೀಕ್ಷಕರು ಕಾಯಬೇಕು. ಶ್ರಮ 14 ಆಳು, ಆದರೆ ಕ್ಯಾಲೆಂಡರಿನಲ್ಲಿ ಹೋಗುವುದು 18 ದಿನ. ಇಬ್ಬರನ್ನು ಹಾಕಿದರೆ 9 ದಿನಕ್ಕೆ ಮುಗಿಯುವುದಿಲ್ಲ. ಶ್ರಮ ಏಳೇಳು ದಿನ ಹಂಚಿಹೋದರೂ ಕಾಯುವ 4 ದಿನ ಹಾಗೆಯೇ ಉಳಿದು ಕನಿಷ್ಠ 11 ದಿನ ಬೇಕು. ಬ್ಯಾರನ್ನಿನ ಲೆಕ್ಕ ಇಲ್ಲಿಗೆ ಬಂತು ನೋಡಿ!

ಇಂದು ಬಹಳಷ್ಟು ಪರೀಕ್ಷೆಯನ್ನು ಕಂಪ್ಯೂಟರೇ ತಾನಾಗಿ ನಡೆಸುವಂತೆ ಪ್ರೋಗ್ರಾಂ ಬರೆದಿಡುತ್ತಾರೆ. ಅದಕ್ಕೂ ಅಂದಾಜು ಬೇಕು. ಒಂದು ಟೆಸ್ಟ್ ಕೇಸನ್ನು ಹಾಗೆ ಬರೆಯಲು 30 ನಿಮಿಷ ಬೇಕಾದರೆ 120ಕ್ಕೆ 60 ಗಂಟೆ. ಕೈಯಿಂದ ಮಾಡಿದರೆ ಸುತ್ತಿಗೆ 12 ಗಂಟೆ. ಐದು ಸುತ್ತು ದಾಟಿದ ಮೇಲಷ್ಟೇ ಯಂತ್ರದಿಂದ ಲಾಭ. ಮೂರೇ ಸುತ್ತಿನ ಕೆಲಸಕ್ಕೆ ಯಂತ್ರ ಹೂಡಿದರೆ ನಷ್ಟ. ವರ್ಷಗಟ್ಟಲೆ ನಡೆಯುವ ತಂತ್ರಾಂಶಕ್ಕೆ ಹೂಡದಿದ್ದರೆ ನಷ್ಟ.

ಮನಸ್ಸು ಏಕೆ ಮೋಸಮಾಡುತ್ತದೆ?

‘ಏನ್ ಮೇಸ್ತ್ರಿ, ಇನ್ನೆಷ್ಟು ದಿನ ಆಯ್ತದೆ?’ ‘ಇನ್ನೇನು ಯಜಮಾನ್ರೇ, ಹದಿನೈದು ದಿನ ಕೊಡಿ, ಮುಗಿಸಿಬುಡ್ತೀನಿ.’ ಈ ಮಾತು ಕೇಳದ ಊರಿಲ್ಲ. ಮೇಸ್ತ್ರಿ ಸುಳ್ಳು ಹೇಳುತ್ತಿದ್ದಾನೆ ಎಂದು ಎಲ್ಲರೂ ತಿಳಿಯುತ್ತಾರೆ. ಆದರೆ ಎಷ್ಟೋ ಸಲ ಆತ ತನ್ನ ಮಾತನ್ನು ತಾನೇ ನಂಬಿರುತ್ತಾನೆ. ಮಳೆ, ಸಿಮೆಂಟ್ ಅಭಾವ, ಆಳಿನ ಊರಹಬ್ಬ ಯಾವುದೂ ಇಲ್ಲದ ಹದಿನೈದು ದಿನ ಆತನ ಕಣ್ಣಮುಂದೆ ಇರುತ್ತದೆ.

ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವೆರ್ಸ್ಕಿ 1979ರಲ್ಲಿ ಈ ಸ್ವಭಾವಕ್ಕೆ ‘ಯೋಜನಾ ಭ್ರಮೆ’ ಎಂಬರ್ಥದ ಹೆಸರು ಕೊಟ್ಟರು. ಕೆನಡಾದಲ್ಲಿ ನಡೆದು 1994ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಿದ್ಯಾರ್ಥಿಗಳೆಲ್ಲ ತಿಳಿಯಬೇಕಾದದ್ದು. ಪ್ರಬಂಧ ಬರೆಯುತ್ತಿದ್ದ ಕಾಲೇಜು ವಿದ್ಯಾರ್ಥಿಗಳನ್ನು ‘ಎಷ್ಟು ದಿನಕ್ಕೆ ಮುಗಿಸುತ್ತೀರಿ?’ ಎಂದು ಕೇಳಲಾಯಿತು. ಸರಾಸರಿ ಉತ್ತರ 33.9 ದಿನ. ‘ಎಲ್ಲವೂ ಕೆಟ್ಟದಾಗಿ ನಡೆದರೆ?’ ಎಂದಾಗ 48.6 ದಿನ ಎಂದರು. ನಿಜಕ್ಕೂ ಹಿಡಿದದ್ದು ಸರಾಸರಿ 55.5 ದಿನ! ಅತಿ ಕೆಟ್ಟದ್ದೆಂದು ಊಹಿಸಿದ್ದಕ್ಕಿಂತಲೂ ಒಂದು ವಾರ ಹೆಚ್ಚು. ಆದ್ದರಿಂದ ಮಗ ‘ಭಾನುವಾರದೊಳಗೆ ಎರಡು ಪಾಠ ಮುಗಿಸುತ್ತೇನಪ್ಪ’ ಎಂದು ಹೇಳಿ ಮುಗಿಸದಿದ್ದರೆ ಅದನ್ನೆಲ್ಲ ಸೋಮಾರಿತನ ಎಂದು ಬೈಯಬೇಕಿಲ್ಲ. ಅದು ಮನುಷ್ಯರೆಲ್ಲರ ಮನಸ್ಸಿನ ದೋಷ. ಆದರೆ ತಿದ್ದಿಕೊಳ್ಳಬಹುದಾದ ದೋಷ.

ತಿದ್ದಿಕೊಳ್ಳುವ ನಾಲ್ಕು ದಾರಿ

ತಂತ್ರಾಂಶ ಪರೀಕ್ಷಕರಿಗೆ ಅರ್ಹತಾ ಪತ್ರ ನೀಡುವ ಅಂತರರಾಷ್ಟ್ರೀಯ ಮಂಡಳಿಯೊಂದಿದೆ. ಐಎಸ್‌ಟಿಕ್ಯೂಬಿ ಎಂಬ ಈ ಮಂಡಳಿ ಸ್ಥಾಪನೆಯಾದದ್ದು 2002ರಲ್ಲಿ. ಇದರ ಮೊದಲ ಹಂತದ, 2023ರಲ್ಲಿ ಪರಿಷ್ಕರಿಸಿದ ಪಠ್ಯದಲ್ಲಿ ಅಂದಾಜಿನ ನಾಲ್ಕು ವಿಧಾನಗಳಿವೆ. ಹೆಸರು ಹೊಸದಾದರೂ ತಿರುಳು ನಮ್ಮ ಊರಿನದೇ.

ಮೊದಲನೆಯದು ಅನುಪಾತ. ಹಿಂದಿನ ಕೆಲಸಗಳಲ್ಲಿ ಪ್ರೋಗ್ರಾಂ ಬರೆಯಲು 3 ಪಾಲು, ಪರೀಕ್ಷೆಗೆ 2 ಪಾಲು ಶ್ರಮ ಬಿದ್ದಿದ್ದರೆ, ಈಗ ಬರೆಯಲು 60 ಆಳು ಬೇಕೆಂದರೆ ಪರೀಕ್ಷೆಗೆ 40 ಆಳು ಎಂದು ಹೇಳುವುದು. ಕಳೆದ ಸಾಲಿನ ಬೆಳೆಯ ಲೆಕ್ಕದಿಂದ ಈ ಸಾಲಿನ ಖರ್ಚು ಹೇಳಿದ ಹಾಗೆ.

ಎರಡನೆಯದು ನಡೆದದ್ದರಿಂದ ಮುಂದಿನದನ್ನು ಎಣಿಸುವುದು. ಮೊದಲ ಮೂರು ದಿನ ಕೆಲಸ ಮಾಡಿ ನೋಡಿ, ದಿನಕ್ಕೆ 20ರಂತೆ ಸಾಗುತ್ತಿದೆ ಎಂದು ಕಂಡರೆ ಉಳಿದದ್ದಕ್ಕೆ ಎಷ್ಟು ದಿನವೆಂದು ಹೇಳಬಹುದು. ಅಂದಾಜನ್ನು ಒಮ್ಮೆ ಹೇಳಿ ಕೈತೊಳೆದುಕೊಳ್ಳದೆ ಆಗಾಗ ತಿದ್ದಬೇಕು ಎಂಬುದು ಇದರ ಪಾಠ.

ಮೂರನೆಯದು ಹಲವರ ತೀರ್ಮಾನ. ಅನುಭವಿಗಳು ಒಬ್ಬರನ್ನೊಬ್ಬರು ಕೇಳದೆ ಬೇರೆಬೇರೆಯಾಗಿ ಚೀಟಿಯಲ್ಲಿ ತಮ್ಮ ಸಂಖ್ಯೆ ಬರೆಯುತ್ತಾರೆ. ಒಬ್ಬರು 8, ಇನ್ನೊಬ್ಬರು 20 ಎಂದರೆ ಇಬ್ಬರೂ ಕಾರಣ ಹೇಳಬೇಕು. 20 ಎಂದವರಿಗೆ ಗೊತ್ತಿರುವ ತೊಡಕು ಉಳಿದವರಿಗೆ ಗೊತ್ತಿಲ್ಲದೆ ಇರಬಹುದು. ಚರ್ಚೆಯ ನಂತರ ಮತ್ತೆ ಚೀಟಿ. ಮೊದಲೇ ಬಾಯಿಬಿಟ್ಟು ಹೇಳಿದರೆ ಎಲ್ಲರೂ ಹಿರಿಯರ ಮಾತಿಗೆ ತಲೆಯಾಡಿಸುತ್ತಾರೆ. ಚೀಟಿ ಬೇಕಾಗುವುದು ಅದಕ್ಕೇ.

ನಾಲ್ಕನೆಯದು ಮೂರು ಸಂಖ್ಯೆಗಳ ವಿಧಾನ. 1958ರ ಸುಮಾರಿಗೆ ಅಮೆರಿಕದ ನೌಕಾಪಡೆಯ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ರೂಪುಗೊಂಡದ್ದು ಇದು. ಎಲ್ಲವೂ ಚೆನ್ನಾಗಿ ನಡೆದರೆ ಎಷ್ಟು, ಸಾಮಾನ್ಯವಾಗಿ ಎಷ್ಟು, ಎಲ್ಲ ಕೆಟ್ಟರೆ ಎಷ್ಟು ಎಂದು ಮೂರು ಸಂಖ್ಯೆ ಹೇಳಬೇಕು. ನಡುವಿನದನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಬೇಕು. ಅಂಕಪಟ್ಟಿಯ ಕೆಲಸಕ್ಕೆ 10, 14, 24 ಆಳು ಎಂದು ಇಟ್ಟುಕೊಂಡರೆ, 10ಕ್ಕೆ 56 ಮತ್ತು 24 ಕೂಡಿ 90; ಆರರಿಂದ ಭಾಗಿಸಿದರೆ 15. ಕೆಟ್ಟ ದಿನಗಳ ಭಯ ಅಂದಾಜನ್ನು ಒಂದು ಆಳಿನಷ್ಟು ಮೇಲಕ್ಕೆತ್ತಿತು. ಕೇಳಿದವರಿಗೆ ಬರೀ 15 ಎಂದು ಹೇಳದೆ, ‘ಸುಮಾರು 15 ಆಳು, ತಪ್ಪುಗಳು ಕಡಿಮೆಯಿದ್ದರೆ 10, ಮುದ್ರಣ ಭಾಗ ತೊಂದರೆ ಕೊಟ್ಟರೆ 24’ ಎಂದು ಕಾರಣ ಸಮೇತ ಹೇಳುವುದೇ ಪ್ರಾಮಾಣಿಕ ಉತ್ತರ.

ಈ ಮಂಡಳಿಯ ಮೊದಲ ಹಂತದ ಪರೀಕ್ಷೆಯಲ್ಲಿ 40 ಪ್ರಶ್ನೆಗಳಿಗೆ 60 ನಿಮಿಷ, ಪಾಸಾಗಲು 26 ಅಂಕ. ತಮ್ಮದಲ್ಲದ ಭಾಷೆಯಲ್ಲಿ ಬರೆಯುವವರಿಗೆ 15 ನಿಮಿಷ ಹೆಚ್ಚು. ಭಾಷೆಯ ತೊಡಕಿಗೂ ಅಲ್ಲಿ ಅಂದಾಜು ಇದೆ!

ದಿನಾಂಕ ಸರಿಯದಿದ್ದಾಗ, ಸರಿದಾಗ

ಕರ್ನಾಟಕ ಕಂಡ ಎರಡು ಪ್ರಸಂಗಗಳು ಈ ವಿದ್ಯೆಯ ಎರಡು ಮುಖಗಳನ್ನು ತೋರಿಸುತ್ತವೆ.

ಮೊದಲನೆಯದು ‘ವೈ2ಕೆ’. ಹಳೆಯ ಪ್ರೋಗ್ರಾಂಗಳಲ್ಲಿ ಜಾಗ ಉಳಿಸಲು ವರ್ಷವನ್ನು ಎರಡೇ ಅಂಕಿಯಲ್ಲಿ ಬರೆಯುತ್ತಿದ್ದರು. 1999 ಮುಗಿದು ‘00’ ಬಂದಾಗ ಅದು 1900ವೋ 2000ವೋ ಯಂತ್ರಕ್ಕೆ ತಿಳಿಯದು. ಜಗತ್ತಿನ ಬ್ಯಾಂಕು, ವಿಮಾ ಕಂಪನಿಗಳ ಇಂಥ ಪ್ರೋಗ್ರಾಂ ತಿದ್ದುವ ಕೆಲಸ 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಕಂಪನಿಗಳಿಗೂ ಹೇರಳವಾಗಿ ಬಂತು. ಈ ಕೆಲಸದ ಗಡುವನ್ನು ಯಾವ ಸಾಹೇಬರೂ ಮುಂದೂಡುವಂತಿರಲಿಲ್ಲ. 1999ರ ಡಿಸೆಂಬರ್ 31ರ ಮಧ್ಯರಾತ್ರಿ ಬಂದೇ ಬರುತ್ತದೆ! ತಿದ್ದುವುದು ಎರಡಂಕಿಯಾದರೂ, ಅದನ್ನು ಮುಟ್ಟಿದ್ದರಿಂದ ಮತ್ತೇನು ಕೆಟ್ಟಿತೆಂದು ನೋಡುವುದು ದೊಡ್ಡ ಕೆಲಸ. 1900 ಅಧಿಕ ವರ್ಷವಲ್ಲ, 400ರಿಂದ ಭಾಗವಾಗುವ 2000 ಅಧಿಕ ವರ್ಷ. ಹಾಗಾಗಿ ಫೆಬ್ರುವರಿ 29ನ್ನೂ ಪರೀಕ್ಷಿಸಬೇಕಿತ್ತು. ಗಡುವು ಸರಿಯದಿದ್ದಾಗ ಅಂದಾಜು ಬೇರೊಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ಇರುವ ದಿನಗಳಲ್ಲಿ ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಬಿಟ್ಟರೆ ಹಾನಿ ಕಡಿಮೆ? ಸಂಬಳ, ಬಡ್ಡಿಯ ಲೆಕ್ಕ ಮೊದಲು; ಪುಟದ ಅಂದಚಂದ ಆಮೇಲೆ.

ಎರಡನೆಯದು ಚಂದ್ರಯಾನ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲಕ್ಕೆ ಇನ್ನೇನು ಇಳಿಯಬೇಕು ಎನ್ನುವಾಗ ಬೆಂಗಳೂರಿನ ನಿಯಂತ್ರಣ ಕೇಂದ್ರದ ಸಂಪರ್ಕ ಕಳೆದುಕೊಂಡಿತು. ವೇಗ ತಗ್ಗಿಸುವ ಹಂತದಲ್ಲಿ ಲೆಕ್ಕಕ್ಕಿಂತ ಹೆಚ್ಚಿನ ವ್ಯತ್ಯಾಸವಾಗಿ ಅದು ನೆಲಕ್ಕೆ ಅಪ್ಪಳಿಸಿತ್ತು. ಚಂದ್ರಯಾನ-3 ಹಾರಿದ್ದು 2023ರ ಜುಲೈ 14ರಂದು. ನಡುವೆ ಸುಮಾರು ನಾಲ್ಕು ವರ್ಷ. ಮೊದಲು ಹೇಳಿದ್ದ ದಿನಾಂಕಗಳು ಕೊರೊನಾ ಕಾಲದಲ್ಲಿ ಮುಂದೆ ಹೋದವು. ಏನೇನು ಕೆಡಬಹುದು ಎಂದು ಪಟ್ಟಿ ಮಾಡಿ, ಅವೆಲ್ಲ ಕೆಟ್ಟರೂ ಇಳಿಯುವಂತೆ ಈ ಲ್ಯಾಂಡರನ್ನು ರೂಪಿಸಲಾಯಿತು ಎಂದು ಇಸ್ರೊ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ವಿವರಿಸಿದ್ದರು. ಸಂವೇದಕಗಳನ್ನು ಹೆಲಿಕಾಪ್ಟರಿನಲ್ಲಿ, ಎಂಜಿನ್‌ಗಳನ್ನು ಕ್ರೇನಿಗೆ ತೂಗುಹಾಕಿ, ಕಾಲುಗಳನ್ನು ಚಂದ್ರನ ನೆಲವನ್ನು ಹೋಲುವ ಹಾಸಿನ ಮೇಲೆ ಪರೀಕ್ಷಿಸಲಾಯಿತು. 2023ರ ಆಗಸ್ಟ್ 23ರ ಸಂಜೆ ಲ್ಯಾಂಡರ್ ಸುರಕ್ಷಿತವಾಗಿ ಇಳಿಯಿತು. ದಿನಾಂಕ ಸರಿದದ್ದನ್ನು ಇಂದು ಯಾರೂ ನೆನೆಯುವುದಿಲ್ಲ. ಇಳಿದ ಕ್ಷಣವನ್ನು ಯಾರೂ ಮರೆಯುವುದಿಲ್ಲ.

ಆದರೆ ಎಲ್ಲ ಕಡೆ ಹೀಗಾಗುವುದಿಲ್ಲ. ಪರೀಕ್ಷೆ ಯಾವಾಗಲೂ ಸಾಲಿನ ಕೊನೆಯಲ್ಲಿ ನಿಂತಿರುತ್ತದೆ. ಮುಂದಿನವರು ತಡಮಾಡಿದರೆ ಅದರ ಪಾಲಿನ ದಿನಗಳೇ ಕರಗುತ್ತವೆ. ‘ಹದಿನಾಲ್ಕು ದಿನ ಏಕೆ, ಆರು ದಿನಕ್ಕೆ ಮುಗಿಸಿ’ ಎಂದು ಮೇಲಿನವರು ಹೇಳಿದಾಗ, ಎಣಿಕೆಯಿಲ್ಲದವರು ‘ಆಗಲಿ ಸಾರ್’ ಎನ್ನುತ್ತಾರೆ. ಎಣಿಕೆಯಿರುವವರು ‘ಆರು ದಿನಕ್ಕೆ ಸಿದ್ಧತೆ ಮತ್ತು ಟೆಸ್ಟ್ ಕೇಸ್ ಬರೆಯುವುದು ಮಾತ್ರ ಆಗುತ್ತದೆ ಸಾರ್, ನಡೆಸಿ ನೋಡಲು ಆಗುವುದಿಲ್ಲ’ ಎನ್ನುತ್ತಾರೆ. ಎರಡನೆಯ ಉತ್ತರ ಕೊಡಲು ಧೈರ್ಯ ಬೇಕು. ಆ ಧೈರ್ಯ ಬರುವುದು ಕೈಯಲ್ಲಿರುವ ಲೆಕ್ಕದಿಂದ.

ಮನೆಯಲ್ಲೇ ಮಾಡುವ ಅಭ್ಯಾಸ

ಇದನ್ನು ಎಂಟನೇ ತರಗತಿಯ ಮಕ್ಕಳೂ ಕಲಿಯಬಹುದು. ಒಂದು ನೋಟ್‌ಬುಕ್ಕಿನ ಪುಟದಲ್ಲಿ ನಾಲ್ಕು ಅಂಕಣ ಎಳೆಯಬೇಕು: ಕೆಲಸ, ಅಂದಾಜು, ನಿಜಕ್ಕೂ ಹಿಡಿದದ್ದು, ವ್ಯತ್ಯಾಸಕ್ಕೆ ಕಾರಣ. ಗಣಿತದ ಒಂದು ಅಭ್ಯಾಸಕ್ಕೆ 40 ನಿಮಿಷ ಎಂದು ಮೊದಲೇ ಬರೆದು, ಗಡಿಯಾರ ನೋಡಿ ಕುಳಿತುಕೊಳ್ಳುವುದು. 70 ನಿಮಿಷ ಹಿಡಿದರೆ ಹಾಗೆಯೇ ಬರೆಯುವುದು. ಲೆಕ್ಕ ಮಾಡುವ ಸಮಯ ಬೇರೆ, ತಪ್ಪಾದ ಲೆಕ್ಕ ಹುಡುಕಿ ಮತ್ತೆ ಮಾಡುವ ಸಮಯ ಬೇರೆ ಎಂದು ವಿಂಗಡಿಸುವುದು ಮುಖ್ಯ. ಹೆಚ್ಚಿನ ವಿದ್ಯಾರ್ಥಿಗಳು ಓದುವ ವೇಳಾಪಟ್ಟಿಯಲ್ಲಿ ಮೊದಲನೆಯದಕ್ಕೆ ಮಾತ್ರ ಜಾಗ ಕೊಡುತ್ತಾರೆ. ಪುನರಾವರ್ತನೆಗೆ, ಹಳೆಯ ಪ್ರಶ್ನೆಪತ್ರಿಕೆಗೆ, ತಿದ್ದಿಕೊಳ್ಳುವುದಕ್ಕೆ ದಿನವೇ ಉಳಿಯುವುದಿಲ್ಲ.

ಒಂದೆರಡು ತಿಂಗಳಾದರೆ ಪ್ರತಿಯೊಬ್ಬರಿಗೂ ತಮ್ಮದೇ ಅನುಪಾತ ಸಿಗುತ್ತದೆ. ಗಣಿತಕ್ಕೆ ಅಂದಾಜಿನ ಒಂದೂಮುಕ್ಕಾಲು ಪಟ್ಟು, ಸಮಾಜ ವಿಜ್ಞಾನಕ್ಕೆ ಒಂದೂಕಾಲು ಪಟ್ಟು, ಹೀಗೆ. ಪಕ್ಕದ ಮನೆಯ ಹುಡುಗಿಯ ಅನುಪಾತ ಇವರಿಗೆ ಉಪಯೋಗವಿಲ್ಲ. ಮುಂದಿನ ಅಂದಾಜನ್ನು ತಮ್ಮದೇ ಅನುಪಾತದಿಂದ ಗುಣಿಸಿದರೆ ಅದು ನಿಜಕ್ಕೆ ಹತ್ತಿರ ಬರುತ್ತದೆ.

ತಂದೆತಾಯಿಗಳು ಇಲ್ಲಿ ಒಂದು ಎಚ್ಚರ ವಹಿಸಬೇಕು. ಈ ಪುಟವನ್ನು ನೋಡಿ ‘ಇಷ್ಟು ಹೊತ್ತು ಬೇಕಾ ನಿನಗೆ?’ ಎಂದು ಗದರಿದರೆ ಮಾರನೆಯ ದಿನದಿಂದ ಮಕ್ಕಳು ಸುಳ್ಳು ಸಂಖ್ಯೆ ಬರೆಯುತ್ತಾರೆ. ಸುಳ್ಳು ಸಂಖ್ಯೆಗಳ ಮೇಲೆ ಅಂದಾಜು ನಿಲ್ಲುವುದಿಲ್ಲ. ಕಂಪನಿಗಳಲ್ಲೂ ಆಗುವುದು ಇದೇ: ಬೈಗುಳಕ್ಕೆ ಹೆದರಿ ನೌಕರರು ಕಡಿಮೆ ದಿನ ಹೇಳುತ್ತಾರೆ, ಕೊನೆಗೆ ಪರೀಕ್ಷೆಯಾಗದ ತಂತ್ರಾಂಶ ಜನರ ಕೈಗೆ ಹೋಗುತ್ತದೆ. ಬೈಯುವ ಬದಲು ‘ಎಲ್ಲಿ ಹೆಚ್ಚು ಹೊತ್ತು ಹೋಯಿತು?’ ಎಂದು ಕೇಳಿದರೆ ಸಾಕು.

ಹೀಗೆ ಅಭ್ಯಾಸವಾದ ಹುಡುಗ, ಹುಡುಗಿ ಮುಂದೆ ಯಾವ ಕೆಲಸಕ್ಕೆ ಹೋದರೂ, ‘ಎಷ್ಟು ದಿನ?’ ಎಂಬ ಪ್ರಶ್ನೆಗೆ ಬಾಯಿಗೆ ಬಂದ ಸಂಖ್ಯೆ ಹೇಳುವುದಿಲ್ಲ. ‘ಸ್ವಲ್ಪ ಎಣಿಸಿ ಹೇಳುತ್ತೇನೆ ಸಾರ್’ ಎನ್ನುತ್ತಾರೆ. ಕೇಳಿದವರು ಅರ್ಧ ದಿನ ಕಾದರೂ ನಷ್ಟವಿಲ್ಲ. ಆ ಅರ್ಧ ದಿನವನ್ನೂ ಅಂದಾಜಿಗೆ ಸೇರಿಸಿಕೊಂಡರಾಯಿತು.